ಎರಡನೇ ಪಂಕ್ತಿಯ ಖನಿಜಗಳು

ಶಹಾಪುರದಲ್ಲೋ ಸುರಪುರದಲ್ಲೋ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಅಂಗಳದಲ್ಲಿ ಎರಡು ಸಾಮಾನು ಅಕ್ಕಪಕ್ಕ ಬಿದ್ದಿರುತ್ತವೆ. ಒಂದು ನೆಲಕ್ಕೆ ಹಾಸಲು ತಂದ ಶಹಾಬಾದಿ ಪರಸಿ, ಇನ್ನೊಂದು ಸಿಮೆಂಟಿನ ಚೀಲ. ಮೋಡ ಕವಿದರೆ ಸಾಕು, ಚೀಲಗಳ ಮೇಲೆ ತಾಡಪತ್ರಿ ಎಳೆಯಲು ಮನೆಮಂದಿ ಓಡುತ್ತಾರೆ. ಪರಸಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅದು ನೆನೆದರೂ ಅಷ್ಟೇ, ಒಣಗಿದರೂ ಅಷ್ಟೇ. ಚೀಲ ನೆನೆದರೆ ಮಾತ್ರ ಒಳಗಿನ ಪುಡಿಯೆಲ್ಲ ಗಡ್ಡೆ ಕಟ್ಟಿ ಕಲ್ಲಾಗುತ್ತದೆ.

ಇದರಲ್ಲಿ ವಿಶೇಷವೇನು ಎನ್ನಬಹುದು. ವಿಶೇಷವೆಂದರೆ ಎರಡೂ ಒಂದೇ ಕಲ್ಲಿನಿಂದ ಬಂದವು. ಭೀಮಾ ನದಿಯ ಆಚೀಚೆ, ಶಹಾಬಾದ್, ವಾಡಿ, ಸೇಡಂ, ಮಳಖೇಡದಿಂದ ಹಿಡಿದು ಶಹಾಪುರ ತಾಲ್ಲೂಕಿನ ಗೋಗಿಯವರೆಗೆ ಮಣ್ಣಿನಡಿ ಹಾಸಿಕೊಂಡಿರುವ ಸುಣ್ಣದ ಕಲ್ಲು ಅದು. ಯಾವುದೋ ಹಳೆಯ ಕಾಲದಲ್ಲಿ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತದ್ದು. (ಗೋಗಿ ಎಂದರೆ ಈಗ ಎಲ್ಲರಿಗೂ ಯುರೇನಿಯಂ ನೆನಪಾಗುತ್ತದೆ. ಅದು ಇದೇ ಕಲ್ಲಿನ ಬೇರೆ ಕತೆ, ಇಲ್ಲಿ ಬೇಡ.) ಪದರ ಸೀಳಿದರೆ ಪರಸಿ. ಅದನ್ನೇ ಪುಡಿ ಮಾಡಿ, ಒಂದಿಷ್ಟು ಮಣ್ಣು ಬೆರೆಸಿ ಸುಟ್ಟು, ಬೀಸಿದರೆ ಸಿಮೆಂಟ್. ಕೋಟ್ಯಂತರ ವರ್ಷ ನೀರಿಗೆ ಜಗ್ಗದ ಕಲ್ಲು ಒಮ್ಮೆ ಬೆಂಕಿ ಕಂಡದ್ದೇ ನೀರಿಗಾಗಿ ಹಪಹಪಿಸುತ್ತದೆ. ಬೆಂಕಿ ಅದರೊಳಗೆ ಏನನ್ನು ಹುಟ್ಟಿಸಿತು?

ಹುಟ್ಟಿಸಿದ್ದು ಒಂದಲ್ಲ, ಮುಖ್ಯವಾಗಿ ನಾಲ್ಕು. ಅವುಗಳಲ್ಲಿ ನೀರು ಕಂಡರೆ ಎಲ್ಲಕ್ಕಿಂತ ಮೊದಲು ಹಾರಿ ಬೀಳುವುದು ಕ್ಯಾಲ್ಸಿಯಂ, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿದ ಒಂದು ಹರಳು. ವಾಡಿಯ ಕಾರ್ಖಾನೆಯಲ್ಲಿ ಅದು ದಿನವೂ ಟನ್ನುಗಟ್ಟಲೆ ತಯಾರಾಗುತ್ತದೆ. ಅದರ ಹತ್ತಿರದ ಬಂಧುಗಳನ್ನು ನಿಸರ್ಗದಲ್ಲಿ ಹುಡುಕಲು ಹೊರಟವರಿಗೆ ಮಾತ್ರ ಸಿಕ್ಕಿದ್ದು ಕೆಲವು ಉಲ್ಕಾಶಿಲೆಗಳಲ್ಲಿ, ಇಸ್ರೇಲಿನ ಮರಳುಗಾಡಿನ ಒಂದು ಸುಟ್ಟ ಗುಡ್ಡದಲ್ಲಿ, ಜರ್ಮನಿಯ ಒಂದು ಜ್ವಾಲಾಮುಖಿಯ ಬಾಯಲ್ಲಿ, ಹೀಗೆ ಬೆರಳೆಣಿಕೆಯ ಕಡೆ. ಚಿತ್ತಾಪುರ ತಾಲ್ಲೂಕಿನಲ್ಲಿ ಅಗ್ಗವಾದದ್ದು ಭೂಮಿಯ ಮೇಲೆ ಇಷ್ಟು ಅಪರೂಪ ಏಕೆ?

ಅಪರೂಪಕ್ಕೆ ಬಡತನ ಕಾರಣವಲ್ಲ

ಚಿನ್ನ ಅಪರೂಪ, ಏಕೆಂದರೆ ಚಿನ್ನದ ಪರಮಾಣುಗಳೇ ಕಡಿಮೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು 46 ಶೇಕಡಾ ಆಮ್ಲಜನಕ, 8 ಶೇಕಡಾ ಅಲ್ಯೂಮಿನಿಯಂ, 4 ಶೇಕಡಾ ಕ್ಯಾಲ್ಸಿಯಂ. ಮೂರೂ ಕಾಲಡಿಯಲ್ಲೇ ಇವೆ. ಯಾದಗಿರಿ ಕೋಟೆ ನಿಂತಿರುವ ಗುಡ್ಡ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಸುತ್ತ ಒಂದರ ಮೇಲೊಂದು ಕೂತ ಗುಂಡುಗಳು, ಎಲ್ಲ ಕಡೆಯೂ ಬೆಣಚುಕಲ್ಲಿನ ಜೊತೆ ಬಿಳಿ, ಗುಲಾಬಿ ಬಣ್ಣದ ಒಂದು ಹರಳು ಕಾಣುತ್ತದೆ. ಅದು ಫೆಲ್ಡ್‌ಸ್ಪಾರ್. ಅದರ ಒಂದು ಬಗೆಯೊಳಗೆ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಒಂದರ ಪಕ್ಕ ಒಂದು ಕೂತಿರುತ್ತವೆ. ಆದರೆ ಅವೆರಡೇ ಅಲ್ಲ. ನಡುವೆ ಸಿಲಿಕಾನ್ ಇದೆ. ಹೊರಪದರದ ತೂಕದಲ್ಲಿ 28 ಶೇಕಡಾ ಪಾಲು ಅದರದು. ಆಮ್ಲಜನಕದ ಜೊತೆಗೂಡಿದ ಸಿಲಿಕಾನನ್ನು ಸಿಲಿಕಾ ಎನ್ನುತ್ತೇವೆ. ಉಸುಕು ಎಂದರೆ ಬಹುಪಾಲು ಅದೇ.

ಈ ಸಿಲಿಕಾದ ಸ್ವಭಾವ ತಿಳಿದರೆ ಮುಂದಿನ ಕತೆಯೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಕಡೆಯ ಮದುವೆ ಊಟ ನೆನೆಸಿಕೊಳ್ಳಿ. ಬಡಿಸುತ್ತಿರುವುದು ಹುಗ್ಗಿ. ನಮ್ಮ ಲೆಕ್ಕದಲ್ಲಿ ಹುಗ್ಗಿ ಎಂದರೆ ಸುಣ್ಣ, ಅಂದರೆ ಆಮ್ಲಜನಕ ಸೇರಿದ ಕ್ಯಾಲ್ಸಿಯಂ. ಮೊದಲ ಪಂಕ್ತಿಯಲ್ಲಿ ಕೂರುವುದು ಯಾವಾಗಲೂ ಸಿಲಿಕಾ. ಅಲ್ಯೂಮಿನಾಕ್ಕೆ, ಅಂದರೆ ಆಮ್ಲಜನಕ ಸೇರಿದ ಅಲ್ಯೂಮಿನಿಯಂಗೆ, ಸ್ವಂತ ಎಲೆ ಸಿಗುವುದು ಎರಡನೇ ಪಂಕ್ತಿಯಲ್ಲಿ. ಭೂಮಿಯ ಮೇಲೆ ಆ ಎರಡನೇ ಪಂಕ್ತಿ ಸಾಮಾನ್ಯವಾಗಿ ಕೂರುವುದೇ ಇಲ್ಲ. ಮೊದಲ ಪಂಕ್ತಿಯವರು ಅಷ್ಟು ಜನ, ಹುಗ್ಗಿ ಅಲ್ಲೇ ಮುಗಿಯುತ್ತದೆ. ಅಲ್ಯೂಮಿನಾ ಉಪವಾಸ ಬೀಳುತ್ತದೆಯೆಂದಲ್ಲ. ಮೊದಲ ಪಂಕ್ತಿಯವರೇ ಸ್ವಲ್ಪ ಸರಿದು ಅದನ್ನು ತಮ್ಮ ನಡುವೆ ಕೂರಿಸಿಕೊಳ್ಳುತ್ತಾರೆ. ಫೆಲ್ಡ್‌ಸ್ಪಾರ್ ಎಂದರೆ ಇದೇ: ಸಿಲಿಕಾನ್ ಕೂರಬೇಕಾದ ಕೆಲವು ಜಾಗಗಳಲ್ಲಿ ಅಲ್ಯೂಮಿನಿಯಂ ಕೂತು, ಇಬ್ಬರೂ ಸೇರಿ ಆಮ್ಲಜನಕದ ಮೂಲಕ ಕಟ್ಟಿದ ಚೌಕಟ್ಟು. ಕ್ಯಾಲ್ಸಿಯಂ ಆ ಚೌಕಟ್ಟಿನ ಪೊಳ್ಳುಗಳಲ್ಲಿ ಸೇರಿಕೊಳ್ಳುತ್ತದೆ. ಈ ಏರ್ಪಾಡಿನಲ್ಲಿ ಒಟ್ಟು ಶಕ್ತಿ ಕಡಿಮೆ, ಆದ್ದರಿಂದ ಅದು ಗಟ್ಟಿ. ಒಮ್ಮೆ ಹೀಗೆ ಕೂತವರನ್ನು ಎಬ್ಬಿಸುವುದು ಕಷ್ಟ.

ಹಾಗಾದರೆ ಸಿಲಿಕಾ ಇಲ್ಲದೆ, ಸುಣ್ಣ ಮತ್ತು ಅಲ್ಯೂಮಿನಾ ಎರಡೇ ಕೂಡಿ ಹರಳಾಗಬೇಕೆಂದರೆ ಮೂರೇ ದಾರಿ. ಹುಗ್ಗಿ ಹಂಡೆಗಟ್ಟಲೆ ಬೆಂದಿರಬೇಕು, ಮೊದಲ ಪಂಕ್ತಿ ಹೊಟ್ಟೆ ತುಂಬಾ ಉಂಡು ಎದ್ದರೂ ಉಳಿಯುವಷ್ಟು. ಇಲ್ಲವೇ ಸಿಲಿಕಾದವರು ಇನ್ನೂ ಬಂದಿರಬಾರದು. ಅದೂ ಇಲ್ಲವೇ, ಅವರನ್ನು ಕರೆದೇ ಇರಬಾರದು. ಮೊದಲನೆಯದು ವಾಡಿಯಲ್ಲಿ ನಡೆಯುತ್ತದೆ. ಎರಡನೆಯದು ಸೂರ್ಯ ಹುಟ್ಟುವಾಗ ನಡೆಯಿತು. ಮೂರನೆಯದು ಭೂಮಿಯ ಕೆಲವು ಮೂಲೆಗಳಲ್ಲಿ.

ಉಂಡು ಉಳಿದದ್ದು

ಯಾದಗಿರಿಯಿಂದ ಉತ್ತರಕ್ಕೆ ರೈಲು ಹತ್ತಿದರೆ ನಾಲವಾರ ದಾಟಿದ ಮೇಲೆ ವಾಡಿ ಬರುತ್ತದೆ. ಸಿಮೆಂಟ್ ಕಾರ್ಖಾನೆಯ ಗೋಪುರ ಊರಿಗಿಂತ ಮೊದಲು ಕಾಣುತ್ತದೆ. ಸೇಡಂ, ಮಳಖೇಡದಲ್ಲೂ ಇದೇ ನೋಟ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹೆಸರು ಇಂದಿನವರಿಗೆ ಅಮೋಘವರ್ಷನಿಗಿಂತ ಸಿಮೆಂಟಿನಿಂದಲೇ ಹೆಚ್ಚು ಪರಿಚಿತ ಎಂದರೆ ಇತಿಹಾಸದ ಮೇಷ್ಟ್ರುಗಳು ಬೇಸರಪಟ್ಟುಕೊಳ್ಳಬಾರದು.

ಅಲ್ಲಿಯ ಒಲೆ ಎಂದರೆ ತುಸು ಓರೆಯಾಗಿ ಮಲಗಿಸಿದ, ನಿಧಾನಕ್ಕೆ ಉರುಳುತ್ತಿರುವ ಭಾರಿ ಉಕ್ಕಿನ ಕೊಳವೆ. ಮೇಲಿನ ತುದಿಯಿಂದ ಸುಣ್ಣದ ಕಲ್ಲು, ಮಣ್ಣು, ಕಬ್ಬಿಣದ ಅಂಶವಿರುವ ಕೆಂಪು ಜಂಬಿಟ್ಟಿಗೆಯ ಪುಡಿ ಇಳಿಯುತ್ತದೆ. ಕೆಳ ತುದಿಯಲ್ಲಿ ಬೆಂಕಿ. ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿಗೆ ಕಲ್ಲು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ ಬರಿ ಸುಣ್ಣವಾಗುತ್ತದೆ. ಊರ ಸುಣ್ಣದ ಭಟ್ಟಿ ನಿಲ್ಲುವುದು ಇಲ್ಲಿಗೇ. ಸಿಮೆಂಟಿನ ಒಲೆ ಇನ್ನೂ ಮೇಲೇರಿ 1450 ಡಿಗ್ರಿ ಮುಟ್ಟುತ್ತದೆ.

ಮಿಶ್ರಣದ ಅಳತೆಯಲ್ಲೇ ಜಾಣತನವಿದೆ. ಬೆಂದು ಹೊರಬರುವ ಸರಕಿನಲ್ಲಿ ಸುಣ್ಣ ಸುಮಾರು ಮೂರರಲ್ಲಿ ಎರಡು ಪಾಲು, ಸಿಲಿಕಾ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಲ್ಯೂಮಿನಾ ಐದಾರು ಶೇಕಡಾ, ಕಬ್ಬಿಣದ ಆಕ್ಸೈಡ್ ಅದಕ್ಕೂ ಕಡಿಮೆ. ಇಷ್ಟು ಸುಣ್ಣ ಕಂಡರೆ ಸಿಲಿಕಾ ಬಿಡುತ್ತದೆಯೇ? ಮೊದಲು ಒಂದಕ್ಕೆ ಎರಡು ಸುಣ್ಣ, ಬಿಸಿ ಏರಿದ ಮೇಲೆ ಒಂದಕ್ಕೆ ಮೂರು ಸುಣ್ಣ ತಿನ್ನುತ್ತದೆ. ಅದಕ್ಕಿಂತ ಹೆಚ್ಚು ಅದರ ಕೈಲಾಗದು. ಅಲ್ಯೂಮಿನಾ ಈ ಹೊತ್ತಿನಲ್ಲಿ ಸುಮ್ಮನೆ ಕಾಯುತ್ತಿರುತ್ತದೆಯೆಂದರೆ ಪೂರ್ತಿ ನಿಜವಲ್ಲ. ಬಿಸಿ ಏರುವ ದಾರಿಯಲ್ಲೇ ಅದು ಕೈಗೆ ಸಿಕ್ಕಷ್ಟು ಸುಣ್ಣದೊಂದಿಗೆ ಚಿಕ್ಕ ಚಿಕ್ಕ ಹರಳು ಕಟ್ಟುತ್ತದೆ. ಆದರೆ ಅವು ಉಳಿಯುವುದಿಲ್ಲ. 1300 ಡಿಗ್ರಿ ದಾಟುತ್ತಲೇ ಅಲ್ಯೂಮಿನಾ ಮತ್ತು ಕಬ್ಬಿಣ ಸುಣ್ಣದ ಜೊತೆ ಕರಗಿ ದ್ರವವಾಗುತ್ತವೆ. ಆ ದ್ರವದೊಳಗೇ ಸಿಲಿಕಾ ತನ್ನ ಪಾಲಿನ ಸುಣ್ಣ ಹುಡುಕಿ ಊಟ ಮುಗಿಸುತ್ತದೆ. ಸರಕು ಒಲೆಯಿಂದ ಇಳಿದು ತಣಿಯುವಾಗ ಉಳಿದ ದ್ರವ ಹೆಪ್ಪುಗಟ್ಟಿ ಎರಡು ಹರಳಾಗುತ್ತದೆ. ಒಂದರಲ್ಲಿ ಮೂರು ಸುಣ್ಣಕ್ಕೆ ಒಂದು ಅಲ್ಯೂಮಿನಾ. ಇನ್ನೊಂದರಲ್ಲಿ ಕಬ್ಬಿಣವೂ ಸೇರಿರುತ್ತದೆ. ಸಿಮೆಂಟಿನ ಬೂದು ಬಣ್ಣ ಈ ಕಬ್ಬಿಣದ ಹರಳಿನದು. ಬಿಳಿ ಸಿಮೆಂಟಿನಲ್ಲಿ ಅದಿಲ್ಲ.

ಹೀಗೆ ಬೆಂದು ಹೊರಬರುವ ಕರಿ ಗುಂಡುಗಳೇ ಕ್ಲಿಂಕರ್. ಬೀಸಿದರೆ ಸಿಮೆಂಟ್.

ಸುಣ್ಣದ ಪಾಲು, ನೀರಿನ ದಾಹ

ಸುಣ್ಣ, ಅಲ್ಯೂಮಿನಾ ಎರಡೇ ಸೇರಿ ಎಷ್ಟು ಬಗೆಯ ಹರಳಾಗಬಹುದು? ಮುಖ್ಯವಾಗಿ ಐದು. ರಸಾಯನಶಾಸ್ತ್ರದ ಹೆಸರುಗಳು ನಾಲಿಗೆಗೆ ಒಗ್ಗುವಂಥವಲ್ಲ, ಆದ್ದರಿಂದ ಪಾಲಿನ ಲೆಕ್ಕದಲ್ಲೇ ಹೆಸರಿಡೋಣ. ಮೂರು ಸುಣ್ಣಕ್ಕೆ ಒಂದು ಅಲ್ಯೂಮಿನಾ ಇರುವುದು 'ಮೂರೊಂದು'. ಸಿಮೆಂಟಿನಲ್ಲಿರುವುದು ಇದೇ. ಹನ್ನೆರಡಕ್ಕೆ ಏಳು ಇರುವುದು 'ಹನ್ನೆರಡೇಳು'. ಸಮಪಾಲಿನದು 'ಒಂದೊಂದು'. ಅಲ್ಯೂಮಿನಾ ಎರಡು ಪಾಲಾದರೆ 'ಒಂದೆರಡು', ಆರು ಪಾಲಾದರೆ 'ಒಂದಾರು'.

ಈ ಸಾಲನ್ನು ಎಡದಿಂದ ಬಲಕ್ಕೆ ನಡೆದರೆ ಒಂದೊಂದೇ ಗುಣ ಬದಲಾಗುತ್ತದೆ. ಬಿಸಿ ತಾಳುವ ಶಕ್ತಿ ಒಟ್ಟಿನಲ್ಲಿ ಏರುತ್ತದೆ: ಹನ್ನೆರಡೇಳು ಸುಮಾರು 1400 ಡಿಗ್ರಿಗೆ ಕರಗಿದರೆ, ಒಂದೊಂದು 1600ರ ಆಸುಪಾಸಿನಲ್ಲಿ, ಒಂದೆರಡು 1750 ದಾಟಿದ ಮೇಲೆ, ಒಂದಾರು 1800 ದಾಟಿದರೂ ಗಟ್ಟಿ. ನೀರಿನ ದಾಹ ಇದಕ್ಕೆ ತಿರುಗುಮುರುಗು. ಮೂರೊಂದಕ್ಕೆ ನೀರು ಹಾಕಿದರೆ ಕೆಲವೇ ನಿಮಿಷದಲ್ಲಿ ಬಿಸಿಯೇರಿ ಬಿಗಿಯುತ್ತದೆ. ಹನ್ನೆರಡೇಳು ಕೂಡ ಆತುರಗಾರ. ಒಂದೊಂದು ಬಿಗಿಯಲು ಕೆಲವು ಗಂಟೆ ತೆಗೆದುಕೊಳ್ಳುತ್ತದೆ, ಆಮೇಲೆ ಒಂದೇ ದಿನದಲ್ಲಿ ಗಟ್ಟಿಯಾಗುತ್ತದೆ. ಒಂದೆರಡು ಬಹಳ ನಿಧಾನಿ. ಒಂದಾರನ್ನು ನೀರಿನಲ್ಲಿ ಅದ್ದಿಟ್ಟರೂ ಅದರ ಗೊಡವೆಗೇ ಹೋಗುವುದಿಲ್ಲ.

ಏಕೆ ಹೀಗೆ? ಹರಳಿನ ಒಳರಚನೆ ನೋಡಬೇಕು. ಒಂದಾರಿನಲ್ಲಿ ಆಮ್ಲಜನಕದ ಪರಮಾಣುಗಳು ಒತ್ತೊತ್ತಾಗಿ ಜೋಡಿಸಿಕೊಂಡಿವೆ. ಸಂದುಗಳಲ್ಲಿ ಅಲ್ಯೂಮಿನಿಯಂ ಬಿಗಿಯಾಗಿ ಕೂತಿದೆ. ಕ್ಯಾಲ್ಸಿಯಂ ಅಲ್ಲೊಂದು ಇಲ್ಲೊಂದು, ಅದೂ ಸುತ್ತ ಆಮ್ಲಜನಕದ ಕಾವಲಿನಲ್ಲಿ. ನೀರಿಗೆ ಒಳಹೋಗಲು ದಾರಿಯಿಲ್ಲ. ಮೂರೊಂದರಲ್ಲಿ ಕ್ಯಾಲ್ಸಿಯಂ ಮೂರು ಪಟ್ಟು, ಅಲ್ಯೂಮಿನಾ ಕಡಿಮೆ. ಉದ್ದಕ್ಕೂ ಚೌಕಟ್ಟು ಕಟ್ಟುವಷ್ಟು ಅಲ್ಯೂಮಿನಿಯಂ ಇಲ್ಲದೆ ಆರಾರು ಸೇರಿ ಬಿಡಿ ಬಿಡಿ ಉಂಗುರಗಳಾಗಿ ನಿಂತಿವೆ. ಉಂಗುರಗಳ ನಡುವೆ, ಒಳಗೆ, ಖಾಲಿ ಜಾಗ. ನೀರು ಬಂದರೆ ಕ್ಯಾಲ್ಸಿಯಂ ಹೊರಗೆ ಹಾರುತ್ತದೆ, ಉಂಗುರ ಒಡೆಯುತ್ತದೆ, ನೀರನ್ನು ಒಳಗಿಟ್ಟುಕೊಂಡ ಹೊಸ ಹರಳುಗಳು ಏಳುತ್ತವೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬ ಮಾತು ತಪ್ಪೆನ್ನುವುದು ಇದಕ್ಕೇ. ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಗಿಲಾವು ಮಾಡಿದ ಮೇಲೂ ವಾರಗಟ್ಟಲೆ ನೀರು ಹೊಡೆಯಿರಿ ಎಂದು ಗೌಂಡಿ ಹೇಳುವುದು ಗೋಡೆ ತಂಪಾಗಿರಲಿ ಎಂದಲ್ಲ.

ಭೂಮಿಯ ಮೇಲೆ ಈ ಖನಿಜಗಳ ಅಪರೂಪಕ್ಕೆ ಎರಡನೇ ಕಾರಣ ಇಲ್ಲೇ ಸಿಕ್ಕಿತು. ಸಿಲಿಕಾದ ಕಣ್ಣು ತಪ್ಪಿಸಿ ಹುಟ್ಟಿದರೂ ಮಳೆಯ ಕೈಯಿಂದ ಪಾರಾಗಬೇಕು. ಮೂರೊಂದು ಬಯಲಲ್ಲಿ ಒಂದು ಮುಂಗಾರನ್ನೂ ಕಾಣಲಾರದು. ಒಂದಾರಿಗೆ ಆ ಭಯವಿಲ್ಲ.

ಯಾವುದು ಖನಿಜ, ಯಾವುದು ಅಲ್ಲ

ಹೆಸರಿನ ವಿಷಯಕ್ಕೆ ಬರೋಣ. ಸಿಮೆಂಟಿನ ಒಲೆಯಲ್ಲಿ ಹುಟ್ಟಿದ್ದು ಖನಿಜವಲ್ಲ. ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಪ್ರಕಾರ ಖನಿಜವೆನ್ನಿಸಿಕೊಳ್ಳಲು ಮನುಷ್ಯನ ಕೈ ಸೋಕದೆ ಹುಟ್ಟಿರಬೇಕು. ಪರಮಾಣು ಪರಮಾಣುವೂ ಅದೇ ಇದ್ದರೂ ಕಾರ್ಖಾನೆಯ ಹರಳಿಗೆ ಆ ಮಾನವಿಲ್ಲ. ಕಾಯದೆ ಕಾಯದೆಯೇ, ಆದರೂ ಇದರಿಂದ ಒಂದಿಷ್ಟು ತಮಾಷೆಗಳಾಗಿವೆ.

'ಒಂದೊಂದು' ಹರಳನ್ನು ಲಫಾರ್ಜ್ ಕಂಪನಿಯ ಜೂಲ್ ಬಿಯೆ ಎಂಬ ಫ್ರೆಂಚ್ ರಸಾಯನಜ್ಞ 1908ರಲ್ಲೇ ಪೇಟೆಂಟ್ ಪಡೆದ ಒಂದು ವಿಶೇಷ ಸಿಮೆಂಟಿನ ಮುಖ್ಯ ಅಂಶವಾಗಿ ಬಳಸಿದ್ದ. ಉಕ್ಕಿನ ಕುಲುಮೆಗಳ ಒಳಗೋಡೆಗೆ ಆ ಬಗೆಯ ಸಿಮೆಂಟ್ ಇಂದಿಗೂ ಬೇಕು. ಆದರೆ ಒಂದೊಂದಕ್ಕೆ ಖನಿಜದ ಪದವಿ ಸಿಗಲು ನೂರು ವರ್ಷ ಕಾಯಬೇಕಾಯಿತು. ವಾಯವ್ಯ ಆಫ್ರಿಕಾದಲ್ಲಿ ಸಿಕ್ಕಿ 1934ನೇ ಸಂಖ್ಯೆ ಪಡೆದ ಒಂದು ಉಲ್ಕಾಶಿಲೆಯ ಒಳಗೆ, 'ಬಿರಿದ ಮೊಟ್ಟೆ' ಎಂದು ಅಡ್ಡಹೆಸರಿಟ್ಟ ಒಂದು ಚುಕ್ಕೆಯಲ್ಲಿ, ಚಿ ಮಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅದನ್ನು ಕಂಡು 2011ರಲ್ಲಿ ವಿವರಿಸಿದರು. ಹವಾಯಿಯ ಉಲ್ಕಾವಿಜ್ಞಾನಿ ಅಲೆಕ್ಸಾಂಡರ್ ಕ್ರಾಟ್ ಅವರ ಗೌರವಕ್ಕೆ ಕ್ರಾಟೈಟ್ ಎಂದು ಹೆಸರಾಯಿತು. ಒಲೆಯಲ್ಲಿ ಹುಟ್ಟಿದ್ದಕ್ಕೆ ಇಲ್ಲದ ಪದವಿ ಆಕಾಶದಿಂದ ಬಿದ್ದದ್ದಕ್ಕೆ ಸಿಕ್ಕಿತು.

ಸಿಮೆಂಟಿಗೆ ಬೂದು ಬಣ್ಣ ಕೊಡುವ ಕಬ್ಬಿಣದ ಹರಳಿನದು ಇನ್ನೊಂದು ಕತೆ. ಅದರ ಪಾಕವನ್ನು 1928ರಲ್ಲಿ ಬಿಡಿಸಿದವರಲ್ಲಿ ಒಬ್ಬ ಅಮೆರಿಕದ ಸಿಮೆಂಟ್ ರಸಾಯನಜ್ಞ ಬ್ರೌನ್‌ಮಿಲ್ಲರ್. 1964ರಲ್ಲಿ ಜರ್ಮನಿಯ ಮಾಯೆನ್ ಊರಿನ ಹತ್ತಿರದ ಬೆಲ್ಲರ್‌ಬರ್ಗ್ ಜ್ವಾಲಾಮುಖಿಯಲ್ಲಿ ನಿಸರ್ಗದ ಮಾದರಿ ಸಿಕ್ಕಾಗ ಅದು ಬ್ರೌನ್‌ಮಿಲ್ಲರೈಟ್ ಆಯಿತು. ಕಾರ್ಖಾನೆಯವನ ಹೆಸರು ಖನಿಜಕ್ಕೆ ಅಂಟಿದ ಈ ಪ್ರಸಂಗ ನನಗೆ ನ್ಯಾಯವೆನಿಸುತ್ತದೆ. ಅದೇ ವರ್ಷ ಅದೇ ಜ್ವಾಲಾಮುಖಿಯಿಂದ ಹನ್ನೆರಡೇಳಿಗೂ ಮಾಯೆನೈಟ್ ಎಂಬ ಹೆಸರು ಬಂತು. ಹನ್ನೆರಡೇಳಿನ ಒಳಗೆ ಸಣ್ಣ ಸಣ್ಣ ಪಂಜರಗಳಿವೆ. ಶುದ್ಧ ಹನ್ನೆರಡೇಳಾದರೆ ಅವುಗಳಲ್ಲಿ ಕೆಲವಕ್ಕೆ ಆಮ್ಲಜನಕ ಸೇರಿಕೊಂಡಿರುತ್ತದೆ. ಜರ್ಮನಿಯ ಮಾದರಿಯನ್ನು ಮತ್ತೆ ಕೂಲಂಕಷವಾಗಿ ನೋಡಿದಾಗ ಪಂಜರದಲ್ಲಿ ಕ್ಲೋರಿನ್ ಕಂಡಿತು. 2013ರಲ್ಲಿ ಹೆಸರನ್ನು ಕ್ಲೋರ್‌ಮಾಯೆನೈಟ್ ಎಂದು ತಿದ್ದಿದರು. ಪಂಜರದಲ್ಲಿ ಫ್ಲೋರಿನ್ ಇದ್ದರೆ ಅದು ಬೇರೆ ಖನಿಜ, ನೀರು ಇದ್ದರೆ ಮತ್ತೂ ಬೇರೆ. ಜಪಾನಿನ ಹಿದೆಯೊ ಹೊಸೊನೊ ತಂಡ 2003ರಲ್ಲಿ ಪಂಜರದೊಳಗಿನ ಆಮ್ಲಜನಕವನ್ನು ಹೊರತೆಗೆದು ಬರಿ ಎಲೆಕ್ಟ್ರಾನುಗಳನ್ನು ಕೂರಿಸಿತು. ವಿದ್ಯುತ್ತು ಹರಿಯಬಿಡದ ಸಿಮೆಂಟಿನ ಸರಕು ವಿದ್ಯುದ್ವಾಹಕವಾಯಿತು.

ಪಾಲು ಒಂದೇ ಇದ್ದರೂ ಹೆಸರು ಎರಡಾಗುವುದುಂಟು. ಕ್ರಾಟೈಟಿನಷ್ಟೇ ಸುಣ್ಣ, ಅಷ್ಟೇ ಅಲ್ಯೂಮಿನಾ ಇದ್ದು, ಭಾರಿ ಒತ್ತಡದಲ್ಲಿ ಪರಮಾಣುಗಳು ಇನ್ನೂ ಒತ್ತಾಗಿ ಜೋಡಿಸಿಕೊಂಡರೆ ಅದು ದ್ಮಿತ್ರಿಇವಾನೊವೈಟ್. ಅದು ಸಿಕ್ಕಿದ್ದೂ ಉಲ್ಕಾಶಿಲೆಯಲ್ಲೇ. ಖನಿಜದ ಗುರುತು ಏನಿದೆ ಎಂಬುದರಲ್ಲಿ ಅರ್ಧ, ಹೇಗೆ ಜೋಡಿಸಿದೆ ಎಂಬುದರಲ್ಲಿ ಇನ್ನರ್ಧ.

'ಒಂದೆರಡು' ಗ್ರಾಸೈಟ್. ಇಸ್ರೇಲಿನ ಭೂವಿಜ್ಞಾನಿ ಶೂಲಮಿತ್ ಗ್ರಾಸ್ ಅವರ ಹೆಸರು ಅದು. 'ಒಂದಾರು' ಹಿಬೊನೈಟ್. ಮಡಗಾಸ್ಕರಿನಲ್ಲಿ 1953ರಲ್ಲಿ ಅದನ್ನು ಕಂಡ ಪಾಲ್ ಹಿಬೊನ್ ಎಂಬ ಅದಿರು ಹುಡುಕಾಟಗಾರನದು. ಪುಸ್ತಕದ ವರ್ಗೀಕರಣದಲ್ಲಿ ಇವೆಲ್ಲ ಆಕ್ಸೈಡುಗಳ ಗುಂಪಿಗೆ ಸೇರುತ್ತವೆ. ಒಳಗೆ ಮತ್ತೆ ವಿಂಗಡಿಸುವುದು ಎಷ್ಟು ಲೋಹದ ಪರಮಾಣುವಿಗೆ ಎಷ್ಟು ಆಮ್ಲಜನಕ ಎಂಬ ಲೆಕ್ಕದಲ್ಲಿ: ಕ್ರಾಟೈಟಿನಲ್ಲಿ 3ಕ್ಕೆ 4, ಗ್ರಾಸೈಟಿನಲ್ಲಿ 5ಕ್ಕೆ 7, ಹಿಬೊನೈಟಿನಲ್ಲಿ 13ಕ್ಕೆ 19.

ಮೊದಲ ಪಂಕ್ತಿ ಬರುವ ಮುನ್ನ

1969ರ ಫೆಬ್ರುವರಿ 8ರಂದು ಮೆಕ್ಸಿಕೋದ ಅಯೆಂದೆ ಎಂಬ ಊರಿನ ಸುತ್ತಮುತ್ತ ಕಲ್ಲುಗಳ ಮಳೆಯಾಯಿತು. ಒಡೆದು ನೋಡಿದರೆ ಕಪ್ಪು ಮೈಯಲ್ಲಿ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆಗಳು. ಅವುಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ಸೌರಮಂಡಲದಲ್ಲಿ ವಯಸ್ಸು ಅಳೆದು ನೋಡಿರುವ ವಸ್ತುಗಳಲ್ಲಿ ಇವಕ್ಕಿಂತ ಹಳೆಯ ಗಟ್ಟಿ ಪದಾರ್ಥ ಇಲ್ಲಿ ಹುಟ್ಟಿದ್ದಿಲ್ಲ. ಇವನ್ನು ಉರಿಗಂಜದ ಚುಕ್ಕೆಗಳು ಎನ್ನೋಣ. ಹಿಬೊನೈಟ್, ಗ್ರಾಸೈಟ್, ಕ್ರಾಟೈಟ್ ಕಾಣಸಿಗುವುದು ಇಂಥ ಚುಕ್ಕೆಗಳ ಒಳಗೆ.

ಸೂರ್ಯನಲ್ಲಿ ಸಿಲಿಕಾನಿಗೆ ಕೊರತೆಯಿಲ್ಲ. ಅಲ್ಲಿ 100 ಸಿಲಿಕಾನ್ ಪರಮಾಣುಗಳಿಗೆ ಅಲ್ಯೂಮಿನಿಯಂ ಸುಮಾರು 8, ಕ್ಯಾಲ್ಸಿಯಂ 6. ಅಂದರೆ ಮೊದಲ ಪಂಕ್ತಿಯ ಜನ ಭೂಮಿಗಿಂತಲೂ ಹೆಚ್ಚು. ಹಾಗಿದ್ದೂ ಅವರಿಲ್ಲದೆ ಊಟ ನಡೆದದ್ದು ಹೇಗೆ? ಬಿಸಿಯಿಂದ. ಎಳೆಯ ಸೂರ್ಯನ ಸುತ್ತ ಸುತ್ತುತ್ತಿದ್ದ ಅನಿಲದ ಒಳಭಾಗ ಅಷ್ಟು ಕಾದಿತ್ತು, ಕಲ್ಲಾಗಬೇಕಾದ ಪದಾರ್ಥವೆಲ್ಲ ಆವಿಯಾಗಿತ್ತು. ಅದು ತಣಿಯತೊಡಗಿದಾಗ ಯಾವುದು ಮೊದಲು ಹೆಪ್ಪುಗಟ್ಟಬೇಕೆಂದು ಲಾರೆನ್ಸ್ ಗ್ರಾಸ್‌ಮನ್ ಎಂಬ ವಿಜ್ಞಾನಿ 1972ರಲ್ಲಿ ಲೆಕ್ಕ ಹಾಕಿದರು. ಮೊದಲು ಅಲ್ಯೂಮಿನಾ. ಆಮೇಲೆ ಅದು ಆವಿಯಲ್ಲಿದ್ದ ಕ್ಯಾಲ್ಸಿಯಮ್ಮನ್ನು ಸ್ವಲ್ಪ ಸ್ವಲ್ಪವಾಗಿ ಎಳೆದುಕೊಳ್ಳುತ್ತದೆ: ಮೊದಲು ಒಂದಾರು, ಮುಂದೆ ತಣಿದಂತೆ ಸುಣ್ಣ ಹೆಚ್ಚಿರುವ ಹರಳುಗಳು. ಸಿಲಿಕಾನ್ ಬಹುಪಾಲು ಇನ್ನೂ ಆವಿಯಲ್ಲೇ ತೇಲುತ್ತಿರುತ್ತದೆ. ಅದು ಇಳಿದು ಬರುವಷ್ಟರಲ್ಲಿ ಅಲ್ಯೂಮಿನಾದ ಊಟ ಆಗಿರುತ್ತದೆ. ತಡವಾಗಿ ಬಂದ ಸಿಲಿಕಾನ್ ಬಹಳಷ್ಟು ಹರಳುಗಳನ್ನು ಮತ್ತೆ ಎಬ್ಬಿಸಿ ತನ್ನ ಪಂಕ್ತಿಗೆ ಸೇರಿಸಿಕೊಂಡಿತು. ಅಷ್ಟರೊಳಗೆ ಬಿಸಿ ಜಾಗದಿಂದ ದೂರ ಹಾರಿದ ಚುಕ್ಕೆಗಳು ಮಾತ್ರ ಹಾಗೇ ಉಳಿದವು. ಗಾಳಿಯಿಲ್ಲದ, ಮಳೆಯಿಲ್ಲದ ಕಡೆ ಕ್ಷುದ್ರಗ್ರಹದ ಹೊಟ್ಟೆಯಲ್ಲಿ ಕೂತು, ಕೊನೆಗೊಂದು ದಿನ ನಮ್ಮ ಮೇಲೆ ಬಿದ್ದವು.

ಉಲ್ಕೆಯ ಹಿಬೊನೈಟ್ ಹಲವು ಸಲ ನೀಲಿಯಾಗಿರುತ್ತದೆ. ಒಳಗೆ ಬೆರೆತ ಚೂರು ಟೈಟಾನಿಯಂ, ಆಮ್ಲಜನಕ ಸಾಕಷ್ಟು ಸಿಗದ ಕಡೆ ಈ ಬಣ್ಣ ತಳೆಯುತ್ತದೆ. ಪ್ರಯೋಗಾಲಯದಲ್ಲಿ ಆಮ್ಲಜನಕ ಹೆಚ್ಚಿಸಿ ಕಾಯಿಸಿದರೆ ನೀಲಿ ಹೋಗುತ್ತದೆ. ಹಾಗಾಗಿ ಹರಳಿನ ಬಣ್ಣ ನೋಡಿಯೇ ಅದು ಹುಟ್ಟಿದ ಜಾಗದ ಗಾಳಿ ಹೇಗಿತ್ತೆಂದು ಅಂದಾಜು ಮಾಡಬಹುದು.

ಈ ಕಣಗಳ ಮೇಲೆ ಭಾರತದಲ್ಲೂ ಒಳ್ಳೆಯ ಕೆಲಸ ನಡೆದಿದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಜಿತೇಂದ್ರನಾಥ ಗೋಸ್ವಾಮಿ (ಮುಂದೆ ಚಂದ್ರಯಾನ-1ರ ವಿಜ್ಞಾನ ತಂಡದ ಮುಂದಾಳು) ಮತ್ತು ಸಂಗಡಿಗರು ಅಯೆಂದೆ ಹಾಗೂ ಆಸ್ಟ್ರೇಲಿಯಾದ ಮರ್ಚಿಸನ್ ಉಲ್ಕೆಗಳಿಂದ ಹಿಬೊನೈಟ್ ಕಣಗಳನ್ನು ತೆಗೆದು ಪರೀಕ್ಷಿಸಿದರು. ಒಂದು ಲಕ್ಷ ವರ್ಷಕ್ಕೆ ಅರ್ಧದಷ್ಟು ಅಳಿದುಹೋಗುವ ಒಂದು ಬಗೆಯ ಕ್ಯಾಲ್ಸಿಯಂ, ಏಳು ಲಕ್ಷ ವರ್ಷಕ್ಕೆ ಅರ್ಧವಾಗುವ ಒಂದು ಬಗೆಯ ಅಲ್ಯೂಮಿನಿಯಂ, ಎರಡರ ಕುರುಹನ್ನೂ ಅವರು ಹುಡುಕಿದರು. 1998ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಒಂದಿದ್ದ ಕಣದಲ್ಲಿ ಇನ್ನೊಂದೂ ಇತ್ತು, ಒಂದಿಲ್ಲದ ಕಡೆ ಇನ್ನೊಂದೂ ಇರಲಿಲ್ಲ. ಎರಡೂ ಒಂದೇ ಮೂಲದಿಂದ, ಬಹುಶಃ ಹತ್ತಿರದ ಯಾವುದೋ ನಕ್ಷತ್ರದಿಂದ, ಸೂರ್ಯ ಹುಟ್ಟುವ ಹೊಸ್ತಿಲಲ್ಲಿ ಬಂದು ಬೆರೆತಿರಬೇಕು ಎಂಬುದು ಅವರ ತೀರ್ಮಾನ.

ಕರೆಯದ ನೆಂಟರು

ಮೂರನೇ ದಾರಿ ಸಿಲಿಕಾವನ್ನೇ ಕರೆಯದಿರುವುದು. ದಕ್ಷಿಣ ಮಡಗಾಸ್ಕರಿನ, ಸಿಲಿಕಾ ತೀರ ಕಡಿಮೆಯಿದ್ದು ಭೂಮಿಯ ಆಳದಲ್ಲಿ ಬೆಂದ ಕಲ್ಲುಗಳಲ್ಲಿ ಹಿಬೊನೈಟ್ ಹುಟ್ಟಿದ್ದು ಹೀಗೆ. ಇದರ ತೀರ ಹತ್ತಿರದ ನೆಲೆ ನಮಗೆ ಕೇರಳದಲ್ಲಿದೆ. ಕೊಲ್ಲಂ ಜಿಲ್ಲೆಯ ಪುನಲೂರಿನ ಕಲ್ಲಿನಲ್ಲಿ ಹಿಬೊನೈಟ್ ಇರುವುದನ್ನು ಸ್ಯಾಂಡಿಫೋರ್ಡ್ ಮತ್ತು ಸಂತೋಷ್ ಎಂಬ ಭೂವಿಜ್ಞಾನಿಗಳು 1991ರಲ್ಲಿ ವರದಿ ಮಾಡಿದರು. ಒಂದು ಕಾಲಕ್ಕೆ ಮಡಗಾಸ್ಕರ್ ಮತ್ತು ದಕ್ಷಿಣ ಭಾರತ ಅಂಟಿಕೊಂಡೇ ಇದ್ದವು ಎಂಬುದನ್ನು ನೆನೆದರೆ ಇದು ಅಷ್ಟೇನೂ ಆಶ್ಚರ್ಯವಲ್ಲ. ನೀರಿಗೆ ಜಗ್ಗದ ಒಂದಾರು ಆದ್ದರಿಂದ ಕೇರಳದ ಮಳೆಯಲ್ಲೂ ಅದು ಉಳಿದಿದೆ.

ಗ್ರಾಸೈಟ್ ಹೆಚ್ಚು ಸುಕುಮಾರ. ಅದು ಸಿಕ್ಕ ಹತ್ರುರಿಂ ಪ್ರದೇಶ ಮೃತ ಸಮುದ್ರದ ಹತ್ತಿರದ ಒಣ ಮರಳುಗಾಡು. ಅಲ್ಲಿ ಸುಣ್ಣದ ಕಲ್ಲು, ಜೇಡಿಯೊಂದಿಗೆ, ನೆಲದೊಳಗಿನ ಉರಿಯುವ ಪದಾರ್ಥದ ಬೆಂಕಿಗೆ ತಾನಾಗಿ ಬೆಂದಿದೆ. ನಿಸರ್ಗವೇ ಹಚ್ಚಿದ ಸಿಮೆಂಟ್ ಒಲೆ ಎನ್ನಬಹುದು. ಜರ್ಮನಿಯ ಬೆಲ್ಲರ್‌ಬರ್ಗ್‌ನಲ್ಲಿ ಸುಣ್ಣದ ಕಲ್ಲಿನ ತುಂಡುಗಳು ಲಾವಾದೊಳಗೆ ಬಿದ್ದು ಬೆಂದವು. ಎರಡು ಕಡೆಯೂ ನಿಯಮ ವಾಡಿಯದೇ: ಸುಣ್ಣ ಧಾರಾಳ, ಬೆಂಕಿ ಜೋರು, ಆಮೇಲೆ ನೀರಿನ ಕಾಟ ಕಡಿಮೆ.

ಆತುರಗಾರನಿಗೆ ಕಡಿವಾಣ

ಇಷ್ಟು ಹೇಳಿದ ಮೇಲೆ ಒಂದು ಅನುಮಾನ ಏಳಬೇಕು. ಮೂರೊಂದು ನಿಮಿಷಗಳಲ್ಲಿ ಬಿಗಿಯುವುದಾದರೆ ಗೌಂಡಿ ಮಾಲು ಕಲಸಿ, ಬುಟ್ಟಿಯಲ್ಲಿ ಮೇಲೆ ಸಾಗಿಸಿ, ಗೋಡೆಗೆ ಬಳಿಯುವುದು ಹೇಗೆ? ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟ್ 30 ನಿಮಿಷಕ್ಕಿಂತ ಮೊದಲು ಬಿಗಿಯತೊಡಗಬಾರದು, 600 ನಿಮಿಷದೊಳಗೆ ಬಿಗಿದು ಮುಗಿದಿರಬೇಕು. ಈ ಬಿಡುವು ಕೊಡುವುದು ಜಿಪ್ಸಂ. ಕ್ಲಿಂಕರ್ ಬೀಸುವಾಗಲೇ ಅದನ್ನು ಕೆಲವು ಶೇಕಡಾ ಸೇರಿಸುತ್ತಾರೆ. ನೀರು ಬಿದ್ದ ಕೂಡಲೇ ಜಿಪ್ಸಂನ ಸಲ್ಫೇಟ್ ಮೂರೊಂದರ ಜೊತೆ ಸೇರಿ ಸೂಜಿಯಂಥ ಹರಳುಗಳಾಗುತ್ತದೆ. ಅದರ ಹೆಸರು ಎಟ್ರಿಂಗೈಟ್. ಹೆಸರು ಬಂದದ್ದು 1874ರಲ್ಲಿ, ಅದೇ ಬೆಲ್ಲರ್‌ಬರ್ಗ್ ಜ್ವಾಲಾಮುಖಿಯ ಬುಡದ ಎಟ್ರಿಂಗನ್ ಎಂಬ ಹಳ್ಳಿಯಿಂದ. ಸಿಮೆಂಟಿನ ರಸಾಯನವೆಲ್ಲ ಆ ಒಂದು ಗುಡ್ಡದಲ್ಲಿ ಅಡಗಿದೆಯೋ ಎನಿಸುತ್ತದೆ. ಈ ಕ್ರಿಯೆ ನಡೆಯುತ್ತಿರುವಷ್ಟು ಹೊತ್ತು ಮೂರೊಂದರ ಓಟ ನಿಧಾನವಾಗುತ್ತದೆ. ಜಿಪ್ಸಂ ತೀರುವ ಹೊತ್ತಿಗೆ ಗಿಲಾವು ಗೋಡೆಯ ಮೇಲಿರುತ್ತದೆ.

ಹಸಿ ಸಿಮೆಂಟಿನಲ್ಲಿ ಎಟ್ರಿಂಗೈಟ್ ಹುಟ್ಟಿದರೆ ಉಪಕಾರ. ಗಟ್ಟಿಯಾದ ಕಾಂಕ್ರೀಟಿನೊಳಗೆ ಹುಟ್ಟಿದರೆ ತೊಂದರೆ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಕಡೆ ಭತ್ತದ ಗದ್ದೆಗಳು ಹಬ್ಬಿದವು, ಕೆಲವು ಕಡೆ ನೀರು ನಿಂತು ನೆಲ ಸವಳಾಯಿತು. ಸವಳು ನೆಲದ ಉಪ್ಪಿನಲ್ಲಿ ಸಲ್ಫೇಟ್ ಇದ್ದರೆ ಅದು ನೀರಿನ ಜೊತೆ ಅಡಿಪಾಯದೊಳಗೆ ಇಳಿಯುತ್ತದೆ. ಕಾಂಕ್ರೀಟಿನಲ್ಲಿ ಇನ್ನೂ ಉಳಿದಿರುವ ಮೂರೊಂದು, ಮತ್ತು ಅದು ನೀರು ಕುಡಿದು ಆದ ಹರಳುಗಳು, ಆ ಸಲ್ಫೇಟ್ ಹಿಡಿದು ಎಟ್ರಿಂಗೈಟ್ ಆಗುತ್ತವೆ. ಎಟ್ರಿಂಗೈಟ್ ಬಹಳ ನೀರನ್ನು ಒಳಗಿಟ್ಟುಕೊಳ್ಳುವ ಹರಳು, ಬೆಳೆಯಲು ಹೆಚ್ಚು ಜಾಗ ಬೇಕು. ಜಾಗ ಇಲ್ಲದ ಕಡೆ ಬೆಳೆದರೆ ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಬಿಯೆ ತನ್ನ ಒಂದೊಂದರ ಸಿಮೆಂಟ್ ಹುಡುಕಲು ಹೊರಟದ್ದೂ ದಕ್ಷಿಣ ಫ್ರಾನ್ಸಿನಲ್ಲಿ ಸಲ್ಫೇಟ್ ನೆಲದ ಈ ಕಾಟಕ್ಕಾಗಿಯೇ.

ಇಂಥ ನೆಲಕ್ಕೆಂದೇ ಸಲ್ಫೇಟ್ ತಾಳುವ ಸಿಮೆಂಟ್ ಇದೆ. ಅದರಲ್ಲಿ ಮೂರೊಂದು 5 ಶೇಕಡಾ ಮೀರಬಾರದೆಂದು ಮಾನಕ ಹೇಳುತ್ತದೆ. ಅದನ್ನು ಕಡಿಮೆ ಮಾಡುವುದು ಹೇಗೆ? ಸುಣ್ಣ ಕಡಿಮೆ ಮಾಡಿದರೆ ಸಿಲಿಕಾದ ಪಾಲಿಗೇ ಕುತ್ತು. ಅಲ್ಯೂಮಿನಾ ಮಣ್ಣಿನ ಜೊತೆ ತಾನಾಗಿ ಬರುತ್ತದೆ, ಪೂರ್ತಿ ತಪ್ಪಿಸಲಾಗದು. ಕಾರ್ಖಾನೆಯವರು ಒಲೆಗೆ ಹಾಕುವ ಮಿಶ್ರಣದಲ್ಲಿ ಕಬ್ಬಿಣದ ಅದಿರಿನ ಪಾಲು ಹೆಚ್ಚಿಸುತ್ತಾರೆ. ಒಲೆಯಿಂದ ಇಳಿದು ದ್ರವ ಹೆಪ್ಪುಗಟ್ಟುವಾಗ ಕಬ್ಬಿಣ ಅಲ್ಯೂಮಿನಾವನ್ನು ತನ್ನ ಎಲೆಗೆ ಎಳೆದುಕೊಂಡು ಬ್ರೌನ್‌ಮಿಲ್ಲರೈಟ್ ಆಗುತ್ತದೆ. ಎರಡನೇ ಪಂಕ್ತಿಯಲ್ಲಿ ಮೂರೊಂದಾಗಿ ಕೂರಲು ಸ್ವಲ್ಪವೇ ಅಲ್ಯೂಮಿನಾ ಉಳಿಯುತ್ತದೆ.